ಕಂಪನಿ ಮನೆಗೆ ಹಾಲುಕ್ಕಿಸಿದ್ದು

ಕಂಪನಿಗೆ ಹೆಂಡತಿಯಿಲ್ಲ ಎಂಬ ಸಂಗತಿ ಹುಣಸೇಪಾಳ್ಯ ಪುರಸಭೆಗೆ ಹೊಳೆದದ್ದು ಗೃಹಪ್ರವೇಶದ ದಿನ ಬೆಳಿಗ್ಗೆ ಎಂಟು ಗಂಟೆಗೆ.

ಅದು ಕನ್ನಡ ನಾಡೆಲ್ಲ ಒಂದು ರಾಜ್ಯವಾದ ಮರುವರ್ಷ. ಆಚೆ ರಾಜಾಜಿನಗರದಲ್ಲಿ ಸಾಲುಸಾಲು ಮನೆ ಏಳುವುದನ್ನು ನೋಡಿ ನೋಡಿ, ಮಾಗಡಿ ರಸ್ತೆಯ ಈ ಪುಟ್ಟ ಪುರಸಭೆಗೂ ಹುರುಪು ಬಂದಿತ್ತು. ‘ನಾವೇನು ಕಮ್ಮಿ?’ ಎಂದು ಅಧ್ಯಕ್ಷ ಗಂಗಾಧರಯ್ಯನವರು ಮನೆ ಕಟ್ಟುವುದಕ್ಕೆ ಪುರಸಭೆಯದೇ ಒಂದು ಕಂಪನಿ ಹುಟ್ಟುಹಾಕಿದರು. ಎರಡು ವರ್ಷ ಮೀಟಿಂಗು, ಕಾಫಿ, ಖಾರಾಬೂಂದಿ ಎಲ್ಲ ಆದಮೇಲೆ ಕಂಪನಿಯ ಮೊದಲ ಮನೆ ಎದ್ದು ನಿಂತಿತು. ಮೂರು ರೂಮು, ನಡುಮನೆ, ಮೇಲೆ ಮಂಗಳೂರು ಹೆಂಚು. ಬೆಳಿಗ್ಗೆ ಗೃಹಪ್ರವೇಶ, ಸಾಯಂಕಾಲ ಚೀಟಿ ಎತ್ತುವುದು. ನಲವತ್ತೊಂದು ಅರ್ಜಿಗಳಲ್ಲಿ ಯಾರ ಚೀಟಿ ಬಂತೋ ಅವರಿಗೆ ಮನೆ.

“ಯಜಮಾನ ದಂಪತಿ ಬರಬೇಕು” ಎಂದರು ಜೋಯಿಸರು.

“ಯಜಮಾನ್ರು ಅಂದ್ರೆ ಕಂಪನೀನೇ” ಎಂದರು ಅಧ್ಯಕ್ಷರು.

“ಸಂತೋಷ. ಅವರ ಮನೆಯೋರು ಎಲ್ಲಿ?”

ಅಧ್ಯಕ್ಷರು ಬ್ರಹ್ಮಚಾರಿ. ಡೈರೆಕ್ಟರುಗಳು ನಾಲ್ವರಿದ್ದರು, ನಾಲ್ವರಿಗೂ ಹೆಂಡತಿಯರಿದ್ದರು. ಆದರೆ ಒಬ್ಬರು ಮಣೆಯ ಮೇಲೆ ಕೂತರೆ ಉಳಿದ ಮೂವರೂ ರಾಜೀನಾಮೆ ಕೊಡುವುದಾಗಿ ಹೇಳಿದರು. ಹಾಲುಕ್ಕಿಸಿದವರದೇ ಮನೆ ಅಂತ ಊರೆಲ್ಲ ನಂಬಿದ ಮಾತು. ಹಾಗಾದರೆ ಎಣಿಕೆಗೇ ಬಾರದ ಒಬ್ಬ ಸಂಸಾರಸ್ಥ ಬೇಕು. ಐದೂ ಜನ ಒಟ್ಟಿಗೆ ಗುಮಾಸ್ತ ಉಗ್ರಪ್ಪನ ಕಡೆ ತಿರುಗಿದರು.

ಹೆಸರೇನೋ ಉಗ್ರಪ್ಪ. ಮೂಗಿನ ಮೇಲೆ ನೊಣ ಕೂತರೆ ಅದಾಗಿಯೇ ಏಳಲಿ ಅಂತ ಕಾಯುವ ಆಸಾಮಿ. ನಲವತ್ತೊಂದರಲ್ಲಿ ಅರ್ಧ ಅರ್ಜಿ ಬರೆದುಕೊಟ್ಟವನೂ ಅವನೇ. ಕೇಳಿದವರಿಗೆ ಇಲ್ಲ ಅನ್ನುವುದು ಅವನಿಗೆ ಬರುತ್ತಿರಲಿಲ್ಲ. ಈ ಜನ್ಮದಲ್ಲಿ ಅವನಿಗೆ ಬೇಕಾಗಿದ್ದುದು ಒಂದೇ, ಗೋಡೆಗೆ ಹೊಡೆಯಲು ಒಂದು ಮೊಳೆ. ಒಂಬತ್ತು ವರ್ಷದಿಂದ ರಾಮಕ್ಕನ ವಠಾರದ ಒಂಟಿ ರೂಮಿನಲ್ಲಿದ್ದ. ರಾಮಕ್ಕ ಕೆಟ್ಟವಳಲ್ಲ, ಆದರೆ ಗೋಡೆಗೆ ಮೊಳೆ ಅಂದರೆ ತನ್ನ ಎದೆಗೇ ಹೊಡೆದ ಹಾಗೆ ಕೂಗುತ್ತಿದ್ದಳು. ಹೀಗಾಗಿ ಉಗ್ರಪ್ಪನ ತಂದೆಯ ಫೋಟೋ ಒಂಬತ್ತು ವರ್ಷದಿಂದ ಟ್ರಂಕಿನಲ್ಲಿ, ಪಂಚೆಗಳ ಕೆಳಗೆ, ಬೋರಲು ಮಲಗಿತ್ತು. ಹಬ್ಬದ ದಿನ ಅಪ್ಪನನ್ನು ಹೊರಗೆ ತೆಗೆದು ಅಕ್ಕಿ ಡಬ್ಬಕ್ಕೆ ಒರಗಿಸಿ ಹೂ ಇಡುವಾಗ ಉಗ್ರಪ್ಪನಿಗೆ ತುಂಬ ಸಂಕಟವಾಗುತ್ತಿತ್ತು. ಆದ್ದರಿಂದ ಅವನೂ ಅರ್ಜಿ ಹಾಕಿದ್ದ. ಇವತ್ತು ಎರಡಂಗುಲದ ಮೊಳೆಯನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದ.

“ಸಾರ್, ನಂದೂ ಒಂದು ಚೀಟಿ ಇದೆ. ಜನ ಏನಾದ್ರೂ ಅಂದ್ಕೊಂಡ್ರೆ...”

“ನಿನ್ನ ವಿಷ್ಯ ಯಾರಯ್ಯಾ ಅಂದ್ಕೋತಾರೆ? ಇವತ್ತು ಒಂದು ಗಂಟೆ ಹೊತ್ತು ನೀನೇ ಕಂಪನಿ. ಹೋಗು, ಮನೆಯೋರನ್ನ ಕರ್ಕೊಂಡ್ ಬಾ!”

ಹೆಂಡತಿ ಜಯದೇವಿ ಅರ್ಧ ಗಂಟೆಯಲ್ಲಿ ಮದುವೆ ಸೀರೆ ಉಟ್ಟು ಬಂದಳು.

“ರೀ, ನಿಜವಾಗ್ಲೂ ನಮ್ದೇನ್ರೀ?”

“ಸುಮ್ನಿರೇ, ನಾವು ಕಂಪನಿ.”

ಮೊದಲು ಹಸು ಒಳಗೆ ಹೋಗಬೇಕು. ಊರಿನಲ್ಲಿ ಲಕ್ಷಣವಾದ ಹಸು ಅಂದರೆ ರೈತ ಕೆಂಚಪ್ಪನದು. ಮನೆ ಎದ್ದ ಜಾಗ ಎರಡು ವರ್ಷದ ಹಿಂದೆ ಅದೇ ಕೆಂಚಪ್ಪನ ಹೊಲ, ಹಸು ಕಟ್ಟುವ ಗೂಟ ಸರಿಯಾಗಿ ಈಗಿನ ನಡುಮನೆಯಲ್ಲಿತ್ತು ಅನ್ನುವುದು ಪುರಸಭೆಗೆ ಮರೆತೇಹೋಗಿತ್ತು. ಹಸುವಿಗೆ ಮರೆತಿರಲಿಲ್ಲ. ಖುಷಿಯಾಗಿ ಒಳಗೆ ಹೋಯಿತು, ನಡುಮನೆಯಲ್ಲಿ ನಿಂತು ಸುತ್ತಲೂ ನೋಡಿತು, ಮಲಗಿಬಿಟ್ಟಿತು.

“ಏಳಿಸೋ ಕೆಂಚಪ್ಪ!”

“ಅದ್ರ ಜಾಗ ಸ್ವಾಮಿ ಅದು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದು ನಾನು. ಅದು ಒತ್ತಿಲ್ಲ.”

ಬಾಲ ತಿರುಚಿದರು, ಹಿಂಡಿ ತೋರಿಸಿದರು, ಒಬ್ಬ ಡೈರೆಕ್ಟರು ಅದರ ಕಿವಿಯಲ್ಲಿ ಗಂಟೆ ಬಾರಿಸಿದರು. ಹಸು ಮೆಲುಕು ಹಾಕುತ್ತಲೇ ಇತ್ತು. ಮುಹೂರ್ತ ಮೀರುತ್ತದೆಂದು ಜೋಯಿಸರು ಅದರ ಸುತ್ತಲೇ ಓಡಾಡಿ ಮಂತ್ರ ಮುಗಿಸಿದರು. ಹಾಲು ಉಕ್ಕಿತು. ಜಯದೇವಿಯ ಕಣ್ಣಲ್ಲಿ ನೀರು ಬಂತು. ಹೊಗೆಗೆ ಅಂದಳು, ಆದರೆ ಹೊಗೆ ಆ ಕಡೆ ಹೋಗುತ್ತಿತ್ತು.

ಅಷ್ಟರಲ್ಲಿ, ಜಯದೇವಿ ಮದುವೆ ಸೀರೆ ಉಟ್ಟು ಹೊರಟದ್ದನ್ನು ಕಂಡಿದ್ದ ಇಡೀ ವಠಾರ ಚೊಂಬು, ತಟ್ಟೆ, ಮುಯ್ಯಿ ಹಿಡಿದು ಬಂದಿಳಿಯಿತು.

“ಬಾಯೇ ಬಿಡ್ಲಿಲ್ಲ ನೋಡ್ರಪ್ಪಾ! ಗುಮ್ಮನ ಗುಸುಕ!”

“ಅಯ್ಯೋ ಇಲ್ರೀ, ಇದು ಕಂಪನೀದು!”

“ಆಯ್ತು ಬಿಡಿ, ಕಂಪನಿಗೇ ಅಂತ ಚೊಂಬು ತಂದಿದೀವಿ” ಎಂದು ಕಣ್ಣು ಮಿಟುಕಿಸಿ ಎಲೆಯ ಮುಂದೆ ಕೂತರು.

ಬಿನ್ನಿಪೇಟೆ ಕಡೆಯ ಮಿಲ್ಲಿನ ಮಧ್ಯಾಹ್ನದ ಕೂಗು ಕೇಳಿಸುವ ಹೊತ್ತಿಗೆ ಬಾಗಿಲಿಗೆ ಒಂದು ತಳ್ಳುಗಾಡಿ ಬಂದು ನಿಂತಿತು. ಅದರ ಮೇಲೆ ಉಗ್ರಪ್ಪನ ಟ್ರಂಕು, ಹಾಸಿಗೆ ಸುರುಳಿ, ಒರಳುಕಲ್ಲು, ಅಕ್ಕಿ ಡಬ್ಬ. ಹಿಂದೆ ರಾಮಕ್ಕ.

“ಹೊಸ ಮನೇಲಿ ಹಾಲುಕ್ಕಿಸಿದ್ಮೇಲೆ ಹಳೇ ಮನೇಲಿ ದೀಪ ಹಚ್ಚಬಾರ್ದಂತೆ. ನಿಮಗ್ಯಾಕೆ ತೊಂದ್ರೆ ಅಂತ ನಾನೇ ಸಾಮಾನು ಹೊರಡಿಸಿದೆ.”

“ರಾಮಕ್ಕಾ! ಚೀಟಿ ಇನ್ನೂ ಎತ್ತೇ ಇಲ್ಲ! ನನ್ನ ರೂಮು?”

“ಮಿಲ್ಲಿನ ಮುನಿರಾಮಯ್ಯ ಎರಡು ವರ್ಷದಿಂದ ಕಾಯ್ತಾ ಇದ್ದ, ಪಾಪ. ಅವನ ಹೆಂಡ್ತಿ ಆಗ್ಲೇ ಒಲೆ ಹಚ್ಚಿಬಿಟ್ಲು.”

ಉಗ್ರಪ್ಪ ಹಾಸಿಗೆ ಸುರುಳಿಯ ಮೇಲೆ ಕುಸಿದು ಕೂತ. ಇನ್ನು ಚೀಟಿ ಬರದಿದ್ದರೆ ಹೆಂಡತಿಯನ್ನೂ ಅಪ್ಪನನ್ನೂ ಎಲ್ಲಿಗೆ ಕರೆದುಕೊಂಡು ಹೋಗುವುದು? ಮನೆದೇವರಿಗೆ ಹರಕೆ ಹೊತ್ತ. ಸಾಲದೆಂದು ಹಸುವಿಗೂ ಕೈಮುಗಿದ.

ಐದು ಗಂಟೆಗೆ ಹಸುವಿನ ಪಕ್ಕದಲ್ಲೇ ಮೇಜು ಹಾಕಿದರು. ತಾಮ್ರದ ಕೊಡದಲ್ಲಿ ನಲವತ್ತೊಂದು ಚೀಟಿ. ಜೋಯಿಸರು ಕಣ್ಣು ಮುಚ್ಚಿ ಕೈ ಹಾಕಿ ಒಂದನ್ನು ತೆಗೆದುಕೊಟ್ಟರು. ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು. ಉಗ್ರಪ್ಪ ಜೇಬಿನ ಮೊಳೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಅದು ಅಂಗೈಗೆ ಚುಚ್ಚಿತು.

“ಲೇಟ್ ಸಿದ್ದಪ್ಪನವರ ಪತ್ನಿ, ರಾಮಕ್ಕ!”

“ಅನ್ಯಾಯ ಸಾರ್!” ಎಂದು ಉಗ್ರಪ್ಪ ಜೀವಮಾನದಲ್ಲಿ ಮೊದಲ ಸಲ ಕೂಗಿದ. “ಸ್ವಂತ ಮನೆ ಇರೋರಿಗೆ ಇಲ್ಲ ಅಂತ ರೂಲು! ಅವ್ರಿಗೆ ವಠಾರಾನೇ ಇದೆ!”

“ವಠಾರ ನಮ್ಮೆಜಮಾನ್ರ ಹೆಸರಲ್ಲಿದೆ” ಎಂದಳು ರಾಮಕ್ಕ, ತಣ್ಣಗೆ. “ಅವರು ಹೋಗಿ ಎಂಟು ವರ್ಷ ಆಯ್ತು, ಖಾತೆ ಇನ್ನೂ ಅವರದ್ದೇ. ನನ್ನ ಹೆಸರಲ್ಲಿ ಒಂದು ಗುಬ್ಬಿಗೂಡೂ ಇಲ್ಲ. ಅರ್ಜೀಲಿ ಬರ್ದಿದೆಯಲ್ಲ, ನೋಡಿ.”

ಅಧ್ಯಕ್ಷರು ನೋಡಿದರು. ಬರೆದಿತ್ತು. ಮುತ್ತಿನಂಥ ಅಕ್ಷರ, ಉಗ್ರಪ್ಪನದೇ. ‘ಬರ್ಕೊಡಿ, ಆಮೇಲೆ ಮೊಳೆ ವಿಷ್ಯ ಯೋಚ್ನೆ ಮಾಡೋಣ’ ಎಂದು ರಾಮಕ್ಕ ಹೋದ ತಿಂಗಳು ಹೇಳಿದ್ದಳು. ಅವನು ಆ ಗುಬ್ಬಿಗೂಡಿನ ಸಾಲನ್ನು ಎರಡೆರಡು ಸಲ ತಿದ್ದಿ ಬರೆದಿದ್ದ.

ಇನ್ನೇನು ಮಾಡುವುದು? ಉಗ್ರಪ್ಪ ಟ್ರಂಕನ್ನು ತಲೆಯ ಮೇಲೆ ಹೊತ್ತ.

“ಎಲ್ಲಿಗೆ ಹೊರಟ್ರಿ?” ಎಂದು ರಾಮಕ್ಕ ಅಡ್ಡ ಬಂದಳು. “ಹಾಲುಕ್ಕಿಸಿದ ದಂಪತಿ ಅವತ್ತೇ ಹೊರಗೆ ಹೋದ್ರೆ ಮನೆಗೆ ಆಗಿಬರಲ್ಲ. ನೀವು ಇಲ್ಲೇ ಇರ್ಬೇಕು.”

ಉಗ್ರಪ್ಪನಿಗೆ ಆಕೆಯ ಕಾಲಿಗೆ ಬೀಳಬೇಕೆನಿಸಿತು. “ಇಲ್ಲೇನಾ? ನಾವೇನಾ?”

“ಹೂಂ. ಹಿಂದಿನ ರೂಮು ನಿಮಗೆ. ಮುಂದಿನ ಎರಡು ರೂಮನ್ನ ವಠಾರದೋರು ಊಟ ಮಾಡ್ತಾನೇ ಕೇಳಿಬಿಟ್ರು. ನಡುಮನೆ ಹಸುಗೆ. ಕೆಂಚಪ್ಪ ಬಾಡಿಗೆ ಬದಲು ಹಾಲು ಕೊಡ್ತಾನಂತೆ.”

ಜಯದೇವಿ ಸೆರಗನ್ನು ಬಾಯಿಗಿಟ್ಟುಕೊಂಡಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. ಉಗ್ರಪ್ಪ ಮಾತ್ರ ಕೊನೆಯ ಆಸೆಯಿಂದ ಜೇಬಿಗೆ ಕೈಹಾಕಿ ಮೊಳೆ ಹೊರಗೆ ತೆಗೆದ.

“ರಾಮಕ್ಕ, ಅರ್ಜಿ ಬರ್ಕೊಟ್ಟಾಗ ಹೇಳಿದ್ರಲ್ಲ, ಇದು...”

“ಅಯ್ಯೋ, ಮೊಳೆ ಇದೆಯಾ! ದೇವರ ಹಾಗೆ ತಂದ್ರಿ!” ರಾಮಕ್ಕ ಚೀಲದಿಂದ ಕಟ್ಟು ಹಾಕಿಸಿದ ದೊಡ್ಡ ಫೋಟೋ ತೆಗೆದಳು. ಪೇಟ ಸುತ್ತಿದ, ಮೀಸೆ ತಿರುವಿದ, ಲೇಟ್ ಸಿದ್ದಪ್ಪನವರು. “ಚೀಟಿ ಬಂದ್ರೂ ಬರಬಹುದು ಅಂತ ತಂದಿದ್ದೆ. ಹೊಸ ಮನೆಗೆ ಮೊದಲು ಅವರು ಬರ್ಬೇಕಲ್ಲ. ನಿಮ್ಮ ರೂಮಿನ ಗೋಡೇನೇ ಚೆನ್ನಾಗಿದೆ, ಹೊಡೀರಿ. ಇದೊಂದೇ ಮೊಳೆ, ಮತ್ತೆ ಹೊಡೀಬೇಡಿ.”

ಉಗ್ರಪ್ಪ ಒಂಬತ್ತು ವರ್ಷದ ಆಸೆಯನ್ನೆಲ್ಲ ಒಟ್ಟು ಮಾಡಿ ನಾಲ್ಕೇ ಏಟಿಗೆ ಮೊಳೆ ಹೊಡೆದ. ಸಿದ್ದಪ್ಪನವರನ್ನು ನೆಟ್ಟಗೆ ನೇತುಹಾಕಿದ. ಆಮೇಲೆ ಟ್ರಂಕು ತೆರೆದು, ಅವರ ಕೆಳಗೆ ಅಕ್ಕಿ ಡಬ್ಬ ಇಟ್ಟು, ಅಪ್ಪನನ್ನು ಅದಕ್ಕೆ ಒರಗಿಸಿದ.