ಬೆಳಿಗ್ಗೆ ಮಾತ್ರ ಹೋಗುವ ಫ್ಯೂಸು

ಇಸ್ತ್ರಿ ಮಾಡಿದ ಶರಟು ತೊಟ್ಟವನಿಗೆ ಬುದ್ಧಿ ಇದೆಯೋ ಇಲ್ಲವೋ ಎಂದು ಯಾರೂ ಪರೀಕ್ಷೆ ಮಾಡಲು ಹೋಗುವುದಿಲ್ಲ. ಈ ಗುಟ್ಟು ತಿಳಿದ ಮೇಲೆ ನಾನು ಬುದ್ಧಿ ಬೆಳೆಸಿಕೊಳ್ಳುವ ಗೋಜಿಗೆ ಹೋಗದೆ ಒಂದು ಎಲೆಕ್ಟ್ರಿಕ್ ಇಸ್ತ್ರಿಪೆಟ್ಟಿಗೆ ಕೊಂಡೆ. ನಾವಾಗ ಹೆಬ್ಬಾಳದ ಕೆರೆಯ ಕಡೆ ಒಂದು ಹಂಚಿನ ಮನೆಯಲ್ಲಿ ಬಾಡಿಗೆಗಿದ್ದೆವು. ಆ ಬೀದಿಗೆ ಕರೆಂಟು ಬಂದು ಬಹಳ ದಿನವೇನೂ ಆಗಿರಲಿಲ್ಲ. ಮನೆಯ ಯಜಮಾನರು ಮುನಿಶಾಮಪ್ಪನವರು, ಪಕ್ಕದಲ್ಲೇ ವಾಸ. ತಮ್ಮ ಮನೆಯಿಂದಲೇ ನಮಗೂ ತಂತಿ ಎಳೆಸಿದ್ದರು. ನನ್ನ ಕಾಟ ತಾಳಲಾರದೆ ನಡುಮನೆಯಲ್ಲಿ ಇಸ್ತ್ರಿಗೆಂದು ಒಂದು ಪ್ಲಗ್ಗನ್ನೂ ಹಾಕಿಸಿಕೊಟ್ಟಿದ್ದರು. ಎರಡು ಮನೆಗೂ ಸೇರಿ ಒಂದೇ ಫ್ಯೂಸು. ನಮ್ಮಲ್ಲೇನಾದರೂ ಎಡವಟ್ಟಾದರೆ ಅವರ ರೇಡಿಯೊ ಬಾಯಿ ಮುಚ್ಚುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಫ್ಯೂಸು ಹೋಗಲು ಶುರುವಾಯಿತು. ಹೋಗುವುದೂ ಬೆಳಿಗ್ಗೆ ಮಾತ್ರ. ಇತ್ತ ನನ್ನ ಹೆಂಡತಿ ಲಲಿತ ಶರಟಿನ ಕಾಲರಿಗೆ ಇಸ್ತ್ರಿ ಒತ್ತುತ್ತಿರಬೇಕು, ಅತ್ತ ಮುನಿಶಾಮಪ್ಪನವರು ವಾರ್ತೆಗೆ ಕಿವಿಗೊಟ್ಟಿರಬೇಕು, ಆಗಲೇ ಟಪ್ ಅನ್ನುತ್ತಿತ್ತು. ಅವರು ಸ್ಟೂಲು ಹತ್ತಿ, ಪಿಂಗಾಣಿಯ ಫ್ಯೂಸು ಕಿತ್ತು, ಸುಟ್ಟ ತಂತಿ ತೆಗೆದು ಹೊಸ ಎಳೆ ಸುತ್ತುತ್ತಿದ್ದರು. ಆಮೇಲೆ ನಮ್ಮ ಬಾಗಿಲಲ್ಲಿ ಇಣುಕುವಾಗ ಅವರ ಕಣ್ಣು ನನ್ನ ಇಸ್ತ್ರಿಪೆಟ್ಟಿಗೆಯ ಮೇಲೇ ಇರುತ್ತಿತ್ತು. ನಾನು ತಪ್ಪನ್ನು ಒಮ್ಮೆ ಅಳಿಲಿನ ಮೇಲೆ ಹಾಕಿದೆ, ಒಮ್ಮೆ ಇಲಿಯ ಮೇಲೆ ಹಾಕಿದೆ, ಧೈರ್ಯ ಮಾಡಿ ಒಮ್ಮೆ ಅವರ ರೇಡಿಯೊ ಮೇಲೂ ಹಾಕಿದೆ. ನಮ್ಮ ಜೊತೆಗಿದ್ದ ನನ್ನ ಅಮ್ಮ ಮಾತ್ರ, ಬಾಗಲೂರಿನಲ್ಲಿ ನನ್ನ ತಮ್ಮನ ಮನೆಯ ಲಾಂದ್ರ ಒಂದು ದಿನವೂ ಹೀಗೆ ಆಟವಾಡಿಸಲಿಲ್ಲ ಎಂದು ದಿನಾ ನೆನಪಿಸುತ್ತಿದ್ದಳು. ಕೊನೆಗೆ ಮುನಿಶಾಮಪ್ಪನವರೇ ಬಾಯಿಬಿಟ್ಟರು.

“ಸ್ವಾಮಿ, ಇನ್ನೊಂದ್ ಕಿತ ಇಂಗೇ ಆದ್ರೆ ಆ ಪ್ಲಗ್ ಕಿತ್ತಾಕಿಸ್ತೀನಿ. ಬೇಜಾರ್ ಮಾಡ್ಕೋಬೇಡಿ.”

ಪ್ಲಗ್ಗು ಹೋದರೆ ಇಸ್ತ್ರಿ ಹೋಯಿತು. ಇಸ್ತ್ರಿ ಹೋದರೆ ಆಫೀಸಿನಲ್ಲಿ ನನಗಿರುವ ಅಷ್ಟಿಷ್ಟು ಮರ್ಯಾದೆಯೂ ಹೋದಂತೆಯೇ. ಅದಕ್ಕೇ ಭಾನುವಾರ ಬೆಳಿಗ್ಗೆ ಅವರನ್ನು ಮನೆಗೆ ಕರೆದೆ. ಇಸ್ತ್ರಿಪೆಟ್ಟಿಗೆಯನ್ನು ಅವರೆದುರೇ ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಇನ್ನು ನೀವೇ ನೋಡಿ ಎಂದು ಬೆಂಚಿನ ಮೇಲೆ ಕೂರಿಸಿದೆ. ಅಮ್ಮ ಸ್ನಾನ ಮುಗಿಸಿ ಒಳಗೆ ಬಂದಳು. ಸ್ವಲ್ಪ ಹೊತ್ತಿಗೆ ಟಪ್ ಅಂದಿತು. ನನಗೆ ಆನಂದವೋ ಆನಂದ. ಮುನಿಶಾಮಪ್ಪನವರು ಟ್ರಂಕನ್ನೇ ನೋಡುತ್ತಾ ಕೂತರು. ಲಲಿತ ಮಾತ್ರ ಸುಮ್ಮನೆ ಕತ್ತೆತ್ತಿ ಸೂರಿನ ಕಡೆ ನೋಡಿದಳು. ಅತ್ತೆ ಅಲ್ಲೇ ನಿಂತಿದ್ದರಿಂದ ನನಗೆ ಕಣ್ಸನ್ನೆಯಷ್ಟೇ ಮಾಡಿದಳು.

ನಾನೂ ನೋಡಿದೆ. ಸೂರಿಗೆ ಹಗ್ಗ ಬಿಗಿದು ತೂಗುಹಾಕಿದ ಬಿದಿರಿನ ಗಳು. ಅದರ ಮೇಲೆ ಅಮ್ಮ ಆಗಷ್ಟೇ ಒಗೆದು, ಕೋಲಿನಿಂದ ಎತ್ತಿ ಹರವಿದ ಮಡಿ ಸೀರೆ. ಮರುದಿನ ಅದನ್ನುಟ್ಟೇ ಅವಳ ಪೂಜೆ, ಅಡಿಗೆ. ಅಲ್ಲಿಯವರೆಗೆ ಅದು ಯಾರ ಕೈಗೂ ಎಟುಕಬಾರದು, ಯಾರ ಬಟ್ಟೆಗೂ ತಗಲಬಾರದು. ಅದರ ಸೆರಗಿನಿಂದ ನೀರು ತೊಟ್ಟಿಕ್ಕಿ, ಪ್ಲಗ್ಗಿಗಾಗಿ ತಂತಿಗೆ ತಂತಿ ಸೇರಿಸಿ ಟೇಪು ಸುತ್ತಿದ್ದ ಜಾಗಕ್ಕೇ ಬೀಳುತ್ತಿತ್ತು. ಮಧ್ಯಾಹ್ನಕ್ಕೆ ಸೀರೆಯೂ ಟೇಪೂ ಒಣಗಿ ಎಲ್ಲ ಸರಿಹೋಗುತ್ತಿತ್ತು. ಮುನಿಶಾಮಪ್ಪನವರು, “ಅಮ್ಮಾವ್ರ ಸೀರೆ...” ಎಂದು ಬಾಯಿ ತೆರೆದರು. ನಾನು ಕಣ್ಣಲ್ಲೇ ಬೇಡಿಕೊಂಡು ಅವರನ್ನು ಮನೆಗೆ ಕಳಿಸಿದೆ. ತನ್ನ ಸೀರೆಯಿಂದ ಮನೆಯ ದೀಪ ಹೋಗುತ್ತಿದೆ ಎಂದು ಕೇಳಿದರೆ ಅಮ್ಮ ಮುಂದಿನ ಬಸ್ಸಿಗೇ ಬಾಗಲೂರಿಗೆ ಹೊರಟುಬಿಡುವವಳು.

ಆಗ ನನ್ನ ತಲೆ ಓಡಿತು. ಓಡಬಾರದಿತ್ತು.

“ಅಮ್ಮ, ಈ ಕರೆಂಟು ಕಂಡಕಂಡವರ ಮನೆಯೆಲ್ಲಾ ಹೊಕ್ಕು ಬರುತ್ತೆ. ನಿನ್ನ ಮಡಿ ಸೀರೆ ಆ ತಂತಿ ಮೇಲೇ ಇದೆಯಲ್ಲೇ” ಎಂದೆ.

ಅಮ್ಮ ಹೌಹಾರಿದಳು. ಮಧ್ಯಾಹ್ನದ ಊಟಕ್ಕೆ ಮೊದಲೇ ಗಳು ಆಚೆ ಗೋಡೆಯ ಕಡೆ ಹೋಯಿತು, ಸೀರೆ ಇನ್ನೊಮ್ಮೆ ನೀರು ಕಂಡಿತು. ಅಂದಿನಿಂದ ಫ್ಯೂಸು ಹೋಗಲಿಲ್ಲ. ಮುನಿಶಾಮಪ್ಪನವರು ತಮ್ಮ ಮನೆಯವರ ಕೈಯಲ್ಲಿ ಒಂದು ಹೊರೆ ಅವರೆಕಾಯಿ ಕಳಿಸಿದರು. ನಾನು ಮೀಸೆಯಡಿ ನಗುತ್ತಾ ಸುಲಿಯುತ್ತಾ ಕೂತೆ.

ಅಮ್ಮನೂ ಸುಲಿಯುತ್ತಿದ್ದಳು, ಯೋಚಿಸುತ್ತಲೂ ಇದ್ದಳು. ಇಸ್ತ್ರಿಪೆಟ್ಟಿಗೆ ಕಾಯುವುದು ಯಾವುದರಿಂದ ಎಂದು ಕೇಳಿದಳು. ಬೀಗುತ್ತಾ, ಅದೇ ಕರೆಂಟಿನಿಂದ ಎಂದುಬಿಟ್ಟೆ. ಮುಗಿಯಿತು, ಪೆಟ್ಟಿಗೆಯೂ ಅದು ತಾಕಿದ ಬಟ್ಟೆಯೂ ಅಮ್ಮನ ಲೆಕ್ಕದಲ್ಲಿ ಮೈಲಿಗೆಯಾಯಿತು. ಮಾರನೆಯ ದಿನದಿಂದ ಲಲಿತ ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿ ದೂರ ನಿಂತಳು. ಬೆಳಗಿನ ಸ್ನಾನ ಹೇಗೂ ಇತ್ತು, ಅದಕ್ಕೆ ಮುಂಚೆ ನಾನೇ ಇಸ್ತ್ರಿ ಮಾಡಿಕೊಂಡೆ. ಆದರೆ ಸಂಜೆ ಆಫೀಸಿನಿಂದ ಬಂದವನನ್ನು ಅಮ್ಮ ಬಾಗಿಲಲ್ಲೇ ತಡೆದಳು. ದಿನವಿಡೀ ಕರೆಂಟು ತಾಕಿದ ಶರಟು ಮೈಮೇಲಿದ್ದವನು ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳದೆ ಕಾಫಿ ಕೇಳಕೂಡದು. ಕೆರೆಯ ಮೇಲಿಂದ ಬೀಸುವ ಆ ಚಳಿಗಾಳಿಯಲ್ಲಿ ತಣ್ಣೀರು! ಒಂದು ವಾರ ಸೀನುತ್ತಾ ಹಟ ಹಿಡಿದೆ.

“ಕಾಫಿ ಬೇಕೋ ಶರಟು ಬೇಕೋ, ನೀನೇ ನೋಡ್ಕೋ ಮರಿ” ಎಂದಳು ಅಮ್ಮ, ಬಹಳ ಮೃದುವಾಗಿ.

ಇಸ್ತ್ರಿಪೆಟ್ಟಿಗೆ ಟ್ರಂಕು ಸೇರಿತು. ಮಾರನೆಯ ಬೆಳಿಗ್ಗೆ ನಾನು ಆಫೀಸಿಗೆ ಕಾಲಿಡುತ್ತಲೇ ಪಕ್ಕದ ಮೇಜಿನವರು ನನ್ನ ಮುದುರಿದ ಕಾಲರನ್ನು ನೋಡಿ, “ಏನ್ರೀ, ಮನೇಲಿ ಕರೆಂಟ್ ಹೋಯ್ತಾ?” ಎಂದು ಮರುಗಿದರು.

“ಇಲ್ಲ ಕಣ್ರೀ” ಎಂದೆ. “ಈಗ ಹೋಗೋದೇ ಇಲ್ಲ.”