ಏಳನೇ ಚೌಕದ ಹಕ್ಕಿ

ಹೆಬ್ಬೆರಳಿನಷ್ಟು ದಪ್ಪದ ಒಂದೇ ಒಂದು ಮೂಳೆಯ ಕಾಯಿಗಾಗಿ ಕ್ವಾಯ್ ಸಾಂಗ್ ಆ ಬೆಳಿಗ್ಗೆ ತನ್ನ ಕಟಿಂಗ್ ಶಾಪಿಗೆ ಬೀಗ ಜಡಿದ. ಅರ್ಧ ಗಡ್ಡ ಹೆರೆಸಿಕೊಂಡು ಕೂತಿದ್ದ ಗಿರಾಕಿಗೆ, "ಇನ್ನರ್ಧ ನಾಳೆ ಬನ್ನಿ, ಅದಕ್ಕೂ ಸ್ವಲ್ಪ ಬೆಳೆಯೋಕೆ ಬಿಡಿ" ಎಂದು ಹೇಳಿ ಹಿತ್ತಲಿಗೆ ಓಡಿದ.

ಹಿತ್ತಲಲ್ಲಿ ವಿಶ್ವವಿದ್ಯಾಲಯದವರು ಅಗೆಯುತ್ತಿದ್ದರು. ನೂರಮೂವತ್ತು ವರ್ಷಗಳ ಹಿಂದೆ ಅಲ್ಲೊಂದು ಕೋಂಗ್ಸಿ ಮನೆಯಿತ್ತು. ತವರು ಬಿಟ್ಟು ತವರದ ಗಣಿ ಅಗೆಯಲು ಬಂದ ಚೀನೀ ಕೂಲಿಗಳು ಬೆಂಕಿಕಡ್ಡಿಗಳ ಹಾಗೆ ಸಾಲಾಗಿ ಮಲಗುತ್ತಿದ್ದ ಉದ್ದನೆಯ ಮನೆ. ಈಗ ಅದರ ಒಲೆಯ ಬೂದಿ ಮಾತ್ರ ಮಣ್ಣಿನಡಿ ಉಳಿದಿತ್ತು. ಪುರಾತತ್ವದ ಹಯಾತಿ ಮೇಡಂ ನೆಲಕ್ಕೆ ದಾರ ಕಟ್ಟಿ, ಚೌಕ ಚೌಕ ಮಾಡಿ, ಮಗುವಿನ ತಲೆ ಬಾಚುವವರ ಹಾಗೆ ಕುಂಚದಿಂದ ಮಣ್ಣು ಸರಿಸುತ್ತಿದ್ದರು. ಮೊದಲ ಆರು ಚೌಕ ಮುಗಿಯುವವರೆಗೂ ಕ್ವಾಯ್ ಸಾಂಗನಿಗೆ ಸುಖನಿದ್ರೆ. ಇವತ್ತು ಏಳನೆಯದು. ಏಳನೆಯದರಲ್ಲಿ ರಂಬುಟಾನ್ ಮರದ ಬೊಡ್ಡೆ. ಬೊಡ್ಡೆಯ ಬುಡದಲ್ಲಿ ಅವನೇ ಹೂತಿಟ್ಟ ಹಕ್ಕಿ.

ಹಕ್ಕಿ ಎಂದರೆ ಮಾಜಾಂಗ್ ಎಂಬ ನಾಲ್ವರ ಚೀನೀ ಆಟದ ಕಾಯಿ, ಮೂಳೆಯ ಮುಖದಲ್ಲಿ ಹಕ್ಕಿ ಕೆತ್ತಿದ್ದು, ಬೆನ್ನಿಗೆ ಬಿದಿರು. ಇಪ್ಪತ್ತಾರು ವರ್ಷಗಳ ಹಿಂದೆ, ಹೊಸ ಅಳಿಯನಾಗಿದ್ದಾಗ, ಅವನನ್ನು ಪ್ರತಿ ಸಂಜೆ ಮಾವ ತೋಂಗ್ ಮಾಜಾಂಗಿಗೆ ಕೂರಿಸುತ್ತಿದ್ದ. ಮಾವ, ಮಾವನ ಜೀವದ ಗೆಳೆಯ ಹಲ್ಲಿನ ಲೋಕ್, ಹೆಂಡತಿ ಸೂ ಯಿನ್, ನಾಲ್ಕನೇ ಕೈ ಇವನು. ಮೂವರೂ ಇವನನ್ನು ಕಬ್ಬಿನ ಜಲ್ಲೆಯ ಹಾಗೆ ಗಾಣಕ್ಕೆ ಕೊಟ್ಟು ತಿರುಗಿಸುತ್ತಿದ್ದರು. ಆರು ತಿಂಗಳಲ್ಲಿ ಒಮ್ಮೆಯೂ ಗೆಲ್ಲಲಿಲ್ಲ. ಗೆಲ್ಲದಿದ್ದರೂ ಏಳುವಂತಿಲ್ಲ. ನಿದ್ದೆಗೆಟ್ಟ ಕೈಯಲ್ಲಿ ಒಬ್ಬ ಗಿರಾಕಿಯ ಕಿವಿ ಕುಯ್ದ ಮೇಲೆ, ಆಟವೇ ನಿಲ್ಲಲೆಂದು ಒಂದು ಕಾಯಿ ಹೂತಿಟ್ಟ. ತಿಂಗಳು ಕಳೆದ ಮೇಲೆ "ಅರೆ, ಇಲ್ಲೇ ಇತ್ತಲ್ಲ" ಎಂದು ಕೊಡುವ ಲೆಕ್ಕ.

ಆದರೆ ಮೂರನೇ ದಿನವೇ ಮಾವ ಲೋಕ್‌ನನ್ನು ಕಳ್ಳ ಎಂದುಬಿಟ್ಟ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಇನ್ನು ಕಾಯಿ ತೆಗೆಯುವುದೆಂತು? ಅಂಗಡಿಯ ಬಾಗಿಲೂ ಮಾವನದು, ಮನೆಯ ಬಾಗಿಲೂ ಮಾವನದು. ವಿಷಯ ಬಯಲಾದರೆ ಎರಡೂ ಬಾಗಿಲ ಹೊರಗೆ ನಿಲ್ಲಬೇಕಾದವನು ತಾನು.

ಅದಕ್ಕೇ ಅಗೆದ ಮಣ್ಣಿಗೆ ಜರಡಿ ಹಿಡಿಯಲು ತಾನಾಗಿ ಹೆಸರು ಕೊಟ್ಟಿದ್ದ.

ಹೊಂಡದ ಈ ದಡದಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಎಂಬತ್ತನಾಲ್ಕರ ಮಾವ, ಆ ದಡದಲ್ಲಿ ಮಡಚುವ ಕುರ್ಚಿಯಲ್ಲಿ ಎಂಬತ್ತೊಂದರ ಲೋಕ್. ಲೋಕ್ ನಲವತ್ತೈದು ವರ್ಷ ಊರಿಗೆಲ್ಲ ಹಲ್ಲು ಕಿತ್ತವನು, ಕಿತ್ತ ಜಾಗಕ್ಕೆ ಕಟ್ಟಿಕೊಟ್ಟವನು. ಅವನನ್ನು ಕಂಡರೆ ಊರೇ ಹಲ್ಲು ಕಿರಿಯುತ್ತಿತ್ತು, ಮಾವನೊಬ್ಬನನ್ನು ಬಿಟ್ಟು. ಹೊಂಡದಿಂದ ಒಳ್ಳೆಯದೇನು ಬಂದರೂ ಇಬ್ಬರಿಗೂ ಅದು ತಮ್ಮ ಮುತ್ತಜ್ಜನದೇ, ಕೆಟ್ಟದ್ದಾದರೆ ಎದುರಿನವನ ಮುತ್ತಜ್ಜನದು.

ಅಫೀಮಿನ ಕೊಳವೆಯ ಮಣ್ಣಿನ ತುದಿ ಬಂತು.

"ಅಳಿಯಂದಿರೇ," ಎಂದ ಮಾವ, "ಆ ಮನುಷ್ಯನಿಗೆ ಹೇಳಿ, ಅವರ ಮುತ್ತಜ್ಜನ ಸಾಮಾನು ಬಂತು ಅಂತ."

"ಕ್ವಾಯ್ ಸಾಂಗ್," ಎಂದ ಲೋಕ್, "ನಿನ್ನ ಮಾವನಿಗೆ ಹೇಳಪ್ಪಾ, ನಮ್ಮ ಮುತ್ತಜ್ಜ ಸೇದಿದ್ದರೂ ಸ್ವಂತದ್ದು ಸೇದಿದ್ರು, ಇನ್ನೊಬ್ಬರ ತಲೆ ಮೇಲೆ ಹಾಕ್ಲಿಲ್ಲ ಅಂತ."

ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ಕ್ವಾಯ್ ಸಾಂಗ್ ಎರಡು ದಡಗಳ ನಡುವೆ ದೋಣಿಯ ಹಾಗೆ ಓಡಾಡಿ ಎರಡನ್ನೂ ತಲುಪಿಸಿದ. ಕಣ್ಣು ಮಾತ್ರ ಬೊಡ್ಡೆಯ ಮೇಲೆ.

ಹತ್ತು ಗಂಟೆಗೆ ಹಂದಿಯ ಮೂಳೆ. ಹತ್ತೂವರೆಗೆ ನೀಲಿ ಹೂವಿನ ಬಟ್ಟಲಿನ ಚೂರು. ಪ್ರತಿ ಬಕೆಟ್ಟು ಜರಡಿಗೆ ಬಿದ್ದಾಗಲೂ ಅವನು ಮೇಡಂಗಿಂತ ಮೊದಲೇ ಬಗ್ಗಿ ನೋಡುತ್ತಿದ್ದ. ಹನ್ನೊಂದಕ್ಕೆ ಬೊಡ್ಡೆಯ ಬುಡದ ಬಕೆಟ್ಟು. ಜರಡಿ ಅಲ್ಲಾಡಿಸಿದ. ಟಕ್ ಎಂದಿತು.

ಹಕ್ಕಿ ಅವನನ್ನೇ ನೋಡುತ್ತಿತ್ತು.

"ಏನಾದ್ರೂ ಸಿಕ್ತಾ ಅಂಕಲ್?" ಹಯಾತಿ ಮೇಡಂ ಹೊಂಡದಿಂದ ಮೇಲೆ ಹತ್ತುತ್ತಿದ್ದರು.

ಬನಿಯನ್ನಿಗೆ ಜೇಬಿಲ್ಲ, ಹಾಕಿದ್ದ ಚಡ್ಡಿಗೂ ಇಲ್ಲ. ಮೈಯಲ್ಲಿ ಮುಚ್ಚಿಡಲು ಇದ್ದ ಜಾಗ ಒಂದೇ. ಕಾಯಿಯನ್ನು ಮಣ್ಣುಸಹಿತ ಬಾಯಿಗೆ ತುರುಕಿ ಎಡಗೆನ್ನೆಗೆ ದೂಡಿದ.

"ಉಂಹೂಂ."

"ಇದು ಎಷ್ಟನೇ ಚೌಕದ ಬಕೆಟ್ಟು?"

ಒಂದು ಕೈಯಲ್ಲಿ ಐದು, ಇನ್ನೊಂದರಲ್ಲಿ ಎರಡು ಬೆರಳು ತೋರಿಸಿದ. ಅಷ್ಟರಲ್ಲಿ ಸೂ ಯಿನ್ ಬಾರ್ಲಿ ನೀರು ತಂದಳು. "ಬಿಸಿಲಲ್ಲಿ ನಿಂತಿದ್ದೀರಿ, ಕುಡೀರಿ." ಬೇಡವೆಂದು ತಲೆಯಾಡಿಸಿದ.

"ಅಪ್ಪಾ, ಇವರಿಗೇನೋ ಆಗಿದೆ," ಎಂದಳು ಸೂ ಯಿನ್. "ಕೊಟ್ಟಿದ್ದನ್ನ ಬೇಡ ಅಂದಿದ್ದು ಮದುವೆಯಾದ ಮೇಲೆ ಇದೇ ಮೊದಲು."

"ಹುಳಿ ಪ್ಲಮ್ ಚೀಪ್ತಿರಬೇಕು," ಎಂದ ಮಾವ. "ಒಬ್ಬನೇ."

ಆ ದಡದಲ್ಲಿ ಲೋಕ್ ಕನ್ನಡಕ ಏರಿಸಿಕೊಂಡು ಎದ್ದು ನಿಂತ. ಬೇಟೆನಾಯಿಗೆ ವಾಸನೆ ಬಡಿದಂತಿತ್ತು. "ಪ್ಲಮ್ ಅಲ್ಲ. ದವಡೆ ಊದಿದೆ. ಬೆಳಿಗ್ಗೆ ಸರಿಯಿದ್ದ ದವಡೆ. ಒಳಗೆ ಕೀವು ಕಟ್ಟಿದೆ. ಬಾಯಿ ತೆಗಿ."

ಕ್ವಾಯ್ ಸಾಂಗ್ ಹಿಂದೆ ಸರಿದ. ಲೋಕ್ ಹೊಂಡ ಸುತ್ತಿ ಬಂದ. ಇಪ್ಪತ್ತಾರು ವರ್ಷಗಳಲ್ಲಿ ಮಾವನ ದಡಕ್ಕೆ ಅವನು ಕಾಲಿಟ್ಟಿದ್ದು ಅದೇ ಮೊದಲು; ಹಲ್ಲಿನ ವಿಷಯ ಬಂದರೆ ಅವನಿಗೆ ಹಗೆತನ ನೆನಪಿರುತ್ತಿರಲಿಲ್ಲ. "ಹೆದರ್ಬೇಡ ಮಗನೇ, ನೋವಾದ್ರೆ ಹೇಳು," ಎನ್ನುತ್ತ ದವಡೆಯ ಕೀಲಿನ ಮೇಲೆ ಎರಡೂ ಹೆಬ್ಬೆರಳಿಟ್ಟು ಒತ್ತಿದ. ಬಾಯಿ ಅಂಚೆಪೆಟ್ಟಿಗೆಯ ಹಾಗೆ ತೆರೆಯಿತು. ಹಕ್ಕಿ ಹಾರಿ ಮೇಡಂ ಹಿಡಿದಿದ್ದ ಬಿಳಿ ತಟ್ಟೆಗೆ ಬಿತ್ತು.

"ಇದು ದವಡೆ ಹಲ್ಲಲ್ಲ," ಎಂದ ಲೋಕ್.

ಹಯಾತಿ ಮೇಡಂ ಮುಖ ಬಿಗಿಯಿತು. "ಅಂಕಲ್, ಹಳೇ ವಸ್ತು ಬಚ್ಚಿಟ್ರೆ ಪೊಲೀಸ್ ಕೇಸು. ನಿಮ್ಮನ್ನ ನಂಬಿ ಜರಡಿ ಕೊಟ್ಟಿದ್ದೆ." ಆಮೇಲೆ ಕಾಯಿಯನ್ನು ಬೆಳಕಿಗೆ ಹಿಡಿದರು. ಮುಖ ಮೆಲ್ಲಗೆ ಸಡಿಲವಾಯಿತು. "ಒಲೆಯ ಬೂದಿ ಜೊತೆ ಬಂದಿದೆ ಅಂದ್ರೆ ಆ ಕೂಲಿಗಳ ಕಾಲದ್ದು. ಅವರು ಇಲ್ಲಿ ಕೂತು ಇದನ್ನ ಆಡ್ತಿದ್ರು ಅಂತಾಯ್ತು. ಹಾಗಾದ್ರೆ ಈ ಆಟ ಇಲ್ಲಿಗೆ ಬಂದಿದ್ದು ಆಮೇಲೆ ಅಂತ ನಾನು ಬರೆದಿದ್ದನ್ನೆಲ್ಲ ತಿದ್ದಬೇಕು."

"ನಮ್ಮ ಮುತ್ತಜ್ಜನದು," ಎಂದವು ಎರಡು ಮುದಿ ಗಂಟಲು ಒಟ್ಟಿಗೆ.

ಕ್ವಾಯ್ ಸಾಂಗ್ ಉಸಿರು ಬಿಟ್ಟ. ಸುಮ್ಮನಿದ್ದರೆ ಸಾಕು, ಹಕ್ಕಿ ವಸ್ತುಸಂಗ್ರಹಾಲಯದ ಗಾಜಿನ ಪಂಜರ ಸೇರುತ್ತದೆ.

ಆದರೆ ಮಾವ ಕಾಯಿಯನ್ನು ಕೈಗೆ ತೆಗೆದುಕೊಂಡುಬಿಟ್ಟಿದ್ದ. ಹಕ್ಕಿಯ ಕೊಕ್ಕಿನ ಪಕ್ಕದಲ್ಲಿ ಹುರುಳಿಕಾಳಿನಷ್ಟು ಸುಟ್ಟ ಕಲೆ. "ಇದು ನನ್ನ ಚುಟ್ಟದ್ದು," ಎಂದ. "ಹೂತಿದ್ಯಾ? ಕದ್ದು ನನ್ನ ಹಿತ್ತಲಲ್ಲೇ ಹೂತಿದ್ಯಾ, ಲೋಕ್?"

ಇಪ್ಪತ್ತಾರು ವರ್ಷಗಳ ಮೇಲೆ ನೇರವಾಗಿ ಆಡಿದ ಮಾತು ಅದು. ಊರಿಗೆಲ್ಲ ಬಾಯಿ ತೆರೆಸಿದ ಲೋಕ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ಬೇಲಿಯಾಚೆ ಅರ್ಧ ಗಡ್ಡದ ಗಿರಾಕಿಯೂ ಸೇರಿದಂತೆ ಅರ್ಧ ಬೀದಿಯೇ ನೆರೆದು ಲೋಕ್‌ನನ್ನು ನೋಡುತ್ತಿತ್ತು.

ಅದನ್ನು ನೋಡಲಾಗಲಿಲ್ಲ ಕ್ವಾಯ್ ಸಾಂಗನಿಗೆ. "ಅವರಲ್ಲ ಮಾವ," ಎಂದ. ಬಾಯಲ್ಲಿ ಇನ್ನೂ ಮಣ್ಣಿತ್ತು. "ನಾನು. ದಿನಾ ಸೋತು ಸೋತು ಸಾಕಾಗಿ ಹೂತಿಟ್ಟೆ. ಆಮೇಲೆ ಹೇಳೋಕೆ ಧೈರ್ಯ ಬರಲಿಲ್ಲ."

ಸೂ ಯಿನ್ ತಂದಿದ್ದ ಲೋಟವನ್ನು ತಾನೇ ಕುಡಿದು ಮುಗಿಸಿದಳು. ಮಾವ ಅಳಿಯನನ್ನು ನೋಡಿದ, ಬಾಗಿಲನ್ನು ನೋಡಿದ, ಮತ್ತೆ ಅಳಿಯನನ್ನು ನೋಡಿದ. ಕೊನೆಗೆ ಲೋಕ್ ಕಡೆ ತಿರುಗಿದ.

"ಲೋಕ್."

"ಏನು?"

"ನಾನು ಕತ್ತೆ."

"ಇಪ್ಪತ್ತಾರು ವರ್ಷದಿಂದ ಗೊತ್ತು," ಎಂದ ಲೋಕ್. "ಇವನಿಗೇನು ಶಿಕ್ಷೆ?"

"ಯೋಚನೆ ಮಾಡೋದೇನಿದೆ? ಯಾವುದನ್ನ ತಪ್ಪಿಸ್ಕೊಳ್ಳೋಕೆ ಹೂತನೋ ಅದೇ. ಇವತ್ತು ಸಂಜೆಯಿಂದ. ನಾಲ್ಕನೇ ಕೈ ಇವನೇ."

ಆಗ ಕ್ವಾಯ್ ಸಾಂಗನ ಪಾಲಿಗೆ ದೇವರ ಹಾಗೆ ಬಂದರು ಹಯಾತಿ ಮೇಡಂ. "ಕ್ಷಮಿಸಿ ಅಂಕಲ್, ಕಾಯಿ ಕೊಡೋಕಾಗಲ್ಲ. ಹೊಸದೋ ಹಳೇದೋ, ಹೊಂಡದಿಂದ ಬಂದಿದ್ದೆಲ್ಲ ಪಟ್ಟಿಗೆ ಸೇರ್ಬೇಕು. ಇಲ್ಲಿ ನೆಲ ಆಮೇಲೆ ಕೆದಕಿದ್ದಾರೆ ಅನ್ನೋದಕ್ಕೆ ನಂಗೆ ಇದೇ ಸಾಕ್ಷಿ." ಹಕ್ಕಿಯನ್ನು ಚೀಲಕ್ಕೆ ಹಾಕಿ, ಚೀಟಿ ಅಂಟಿಸಿ, ಪೆಟ್ಟಿಗೆಗೆ ಬೀಗ ಹಾಕಿದರು.

"ಛೆ," ಎಂದ ಕ್ವಾಯ್ ಸಾಂಗ್, ಮುಖವನ್ನು ಆದಷ್ಟು ಜೋಲು ಮಾಡಿಕೊಂಡು. "ಒಂದು ಕಾಯಿ ಕಮ್ಮಿ. ಇನ್ನು ಆಡೋ ಹಾಗೇ ಇಲ್ಲ."

ಲೋಕ್ ತನ್ನ ಮನೆಗೆ ಹೋದ. ಬರುವಾಗ ಕೈಯಲ್ಲೊಂದು ಬೆಂಕಿಪೊಟ್ಟಣವಿತ್ತು. ಅದರೊಳಗೆ, ಹತ್ತಿಯ ಮೇಲೆ, ಒಂದು ಹಕ್ಕಿ. ಗರಿಗೆ ಗರಿ, ಕೊಕ್ಕಿಗೆ ಕೊಕ್ಕು ಅದೇ.

"ಜಗಳವಾದ ವಾರವೇ ಮಾಡಿದ್ದು, ಹಲ್ಲು ಕಟ್ಟೋ ಪುಡೀಲಿ," ಎಂದ ಲೋಕ್. "ಕೊಟ್ರೆ, ಕದ್ದಿದ್ದನ್ನೇ ತಂದುಕೊಟ್ಟ ಅಂತೀಯ ಅಂತ ಇಟ್ಕೊಂಡೆ. ಬೆನ್ನಿಗೆ ಬಿದಿರು ಸಿಗ್ಲಿಲ್ಲ, ವಸಡಿನ ಬಣ್ಣ ಹಾಕಿದ್ದೀನಿ."

ಸೂ ಯಿನ್ ಆಗಲೇ ಮೇಜು ಒರೆಸುತ್ತಿದ್ದಳು.

ಸಂಜೆ ನಾಲ್ವರೂ ಕೂತರು. ಎದುರಿನವರಿಗೆ ಕಾಣುವ ಅಷ್ಟೂ ಬಿದಿರು ಬೆನ್ನುಗಳ ನಡುವೆ ಗುಲಾಬಿ ವಸಡಿನ ಬೆನ್ನು ಒಂದೇ ಒಂದು. ಅದು ಯಾರ ಕೈಯಲ್ಲಿದೆಯೆಂದು ಬೀದಿಯಲ್ಲಿ ಹೋಗುವವರಿಗೂ ಕಾಣುತ್ತಿತ್ತು. ಕ್ವಾಯ್ ಸಾಂಗ್ ಅದನ್ನು ಕಣ್ಣಾರೆ ನೋಡಿಕೊಂಡೇ ಆಡಿದ.

ಆದರೂ ಸೋತ.