ಹುಳ ಎಣಿಸುವ ತಂಗಿ

ರಾಯಚೂರು ಜಿಲ್ಲೆಯಲ್ಲಿ ನನ್ನ ತಂಗಿಯಷ್ಟು ಶ್ರದ್ಧೆಯಿಂದ ಸಗಣಿಯ ಎದುರು ಕುಳಿತ ಪದವೀಧರೆ ಇನ್ನೊಬ್ಬಳಿದ್ದರೆ ದಯವಿಟ್ಟು ತೋರಿಸಿ. ಈ ಕ್ಷಣವೇ ನನ್ನ ವಾದವನ್ನು ಹಿಂತೆಗೆದುಕೊಳ್ಳುತ್ತೇನೆ! ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಒಮ್ಮೆಯೂ ವಾದ ಹಿಂತೆಗೆದುಕೊಳ್ಳದವನ ಮಾತಿದು, ನೆನಪಿರಲಿ.

ಆಕೆ ರಾಯಚೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಾಳೆ. ಕೊನೆಯ ವರ್ಷ ಪ್ರತಿಯೊಬ್ಬರೂ ಸ್ವತಂತ್ರವಾಗಿ ಒಂದು ಸಂಶೋಧನೆ ಮಾಡಬೇಕು. ಗೆಳತಿಯರು ಹೊಳೆದಂಡೆಯ ಹಕ್ಕಿ, ಶಕ್ತಿನಗರದ ಚಿಟ್ಟೆ ಎಂದು ಫೋಟೊಗೆ ಒಪ್ಪುವ ಜೀವಿಗಳನ್ನು ಆರಿಸಿಕೊಂಡರು. ಇವಳು ಆರಿಸಿದ್ದು ಸಗಣಿ ಹುಳ! ಜಂತುಹುಳದ ಔಷಧ ಕುಡಿಸಿದ ಎಮ್ಮೆಯ ಸಗಣಿಗೆ ಎಷ್ಟು ಹುಳ ಬರುತ್ತವೆ, ಕುಡಿಸದ ಎಮ್ಮೆಯದಕ್ಕೆ ಎಷ್ಟು? ಈ ಉತ್ತರಕ್ಕಾಗಿ ಮನುಕುಲ ಎಷ್ಟು ಶತಮಾನ ಕಾದಿತ್ತೋ!

ಔಷಧ ಕುಡಿಸಿದ ಎಮ್ಮೆ ನಮ್ಮ ಓಣಿಯಲ್ಲೇ ಇತ್ತು; ಔಷಧ ಮುಟ್ಟದ ಎಮ್ಮೆ ಸಿಕ್ಕಿದ್ದು ಮಾನ್ವಿ ಊರಿನ ಗೆಳತಿಯ ಮನೆಯಲ್ಲಿ. ನಮ್ಮ ಮನೆ ಇರುವುದು ದೇವದುರ್ಗದಲ್ಲಿ. ನಡುವೆ ತುಂಬಿದ ಬಸ್ಸು, ತಂಗಿಯ ತೊಡೆಯ ಮೇಲೆ ಸ್ಟೀಲಿನ ಡಬ್ಬಿ.

"ಡಬ್ಬ್ಯಾಗ ಏನದವ್ವಾ? ಭಾಳ ಜ್ವಾಕಿ ಹಿಡ್ಕೊಂಡೀಯಲ್ಲ," ಎಂದನಂತೆ ಕಂಡಕ್ಟರು.

"ಎಮ್ಮಿ ಹೆಂಡಿರೀ. ತಾಜಾ ಅದ. ಮುಚ್ಚಳ ತೆಗೀಲೇನ್ರಿ?"

"ಬ್ಯಾಡ ತಾಯಿ!"

ನಿಲ್ಲಲೂ ಜಾಗವಿಲ್ಲದ ಬಸ್ಸಿನಲ್ಲಿ ಮೂವರ ಸೀಟು ಒಬ್ಬಳಿಗೇ! ಮಹಿಳಾ ಮೀಸಲಾತಿಯ ಕುರಿತು ನಾನು ಮಾಡಿದ ಯಾವ ಭಾಷಣವೂ ಇಷ್ಟು ಶೀಘ್ರ ಫಲ ಕೊಟ್ಟಿಲ್ಲ.

ಶುಕ್ರವಾರ ಸಂಜೆ ಮನೆಯ ಹಿಂದಿನ ಬಯಲಿನಲ್ಲಿ ಎರಡು ಸಾಲು ಮಾಡಿ ಹನ್ನೆರಡು ಗುಡ್ಡೆ ಇಟ್ಟಳು; ಪ್ರತಿಯೊಂದಕ್ಕೂ ನಂಬರಿನ ಕಡ್ಡಿ ಚುಚ್ಚಿದಳು. ಬೆಳಗ್ಗೆ ಹುಳ ಎಣಿಸಬೇಕು. ಸೋಮವಾರ ಲೆಕ್ಕ ಒಪ್ಪಿಸದಿದ್ದರೆ ವಿಷಯವನ್ನೇ ರದ್ದು ಮಾಡುವುದಾಗಿ ಅವಳ ಗೈಡ್ ಎಚ್ಚರಿಸಿದ್ದರು.

ಬೆಳಗ್ಗೆ ನೋಡಿದರೆ ಬಯಲು ಅಂಗೈಯಷ್ಟು ಸ್ವಚ್ಛ! ಕಾಂಪೌಂಡ್ ಗೋಡೆಯ ಮೇಲೆ ಮಾತ್ರ, ಐದು ಬೆರಳಿನ ಅಚ್ಚಿನೊಡನೆ, ಹನ್ನೆರಡು ಕುಳ್ಳು. ಒಂದೊಂದಕ್ಕೂ ಅದರದೇ ನಂಬರಿನ ಕಡ್ಡಿ! ನಮ್ಮ ಅವ್ವನಿಗೆ ಅಕ್ಷರ ಬಾರದು, ಆದರೆ ಸಾಲು ತಪ್ಪಿಸಿರಲಿಲ್ಲ.

"ಯವ್ವಾ, ಏನು ಮಾಡಿದಿ! ನನ್ನ ಡಿಗ್ರಿ ಗ್ವಾಡಿಗೆ ಬಡದೀಯಲ್ಲ!"

"ನೀ ಹೆಂಡಿ ಮುಟ್ಟಬಾರದಂತ ನಾ ಬಳದೆ. ಇದಕ್ಕಾ ಏನು ನಿನ್ನ ಸಾಲಿ ಕಲಿಯಾಕ ಕಳಿಸಿದ್ದು?"

ಅವ್ವ ಮೂವತ್ತು ವರ್ಷ ಊರ ಗೌಡರ ಕೊಟ್ಟಿಗೆಯಲ್ಲಿ ಸಗಣಿ ಬಳಿದವಳು. ನಾವಿಬ್ಬರೂ ಓದಿದ್ದು ಆ ಬುಟ್ಟಿಯ ಬಲದಿಂದ. 'ಬುಟ್ಟಿ ಇಳಿಸೋಣ, ಪುಸ್ತಕ ಎತ್ತೋಣ' ಎಂಬುದು ನನ್ನ ಅತ್ಯುತ್ತಮ ಭಾಷಣ. ಸಂದರ್ಭ ಒದಗಿತೆಂದು ಅಲ್ಲೇ ಆರಂಭಿಸಿದೆ: "ಶ್ರಮದ ಘನತೆಯನ್ನು ನಾವು ಮೂರು ನೆಲೆಗಳಲ್ಲಿ..."

"ನಿಂದು ಆಮ್ಯಾಗ ಲೇ. ಬುಟ್ಟಿ ಹಿಡಿ," ಎಂದಳು ಅವ್ವ. ಹಿಡಿದೆ.

ತಂಗಿ ಕಣ್ಣೊರೆಸಿಕೊಂಡಳು. "ಬಳಿವಾಗ ಹುಳ ಇದ್ವೇನವ್ವಾ?"

"ಇರದೇನು? ಈ ಸಾಲಿನ್ಯಾಗ ಭಾಳ, ಆ ಸಾಲಿನ್ಯಾಗ ಕಡಿಮಿ. ಔಷಧ ಕುಡಿಸಿದ ದನದ ಹೆಂಡಿ ಹುಳ ಮುಟ್ಟದ ಹಂಗ ಒಣಗತದ, ಕೊಟ್ಟಿಗ್ಯಾಗ ನೋಡೀನಿ. ಕೋಡಿನ ಹುಳ ಕೆಳಗ ಕುಣಿ ತೋಡ್ತದ. ಉಂಡಿ ಕಟ್ಟಿ ಉಳ್ಳಸೋದು ಬ್ಯಾರೆ, ಅದು ಬಿಸಲಿಗೆ ಬರ್ತದ."

ಹೇಳುತ್ತ ಹೇಳುತ್ತ ಅವ್ವ ತಟ್ಟನೆ ನಿಲ್ಲಿಸಿದಳು. "ಏನು ಗೀಚಾಕತ್ತೀ?"

"ನೀ ಹೇಳಿದ್ದವ್ವಾ."

ಅವ್ವ ಆ ನೋಟ್‌ಬುಕ್ಕನ್ನೇ ನೋಡಿದಳು. "ಮೂವತ್ತು ವರ್ಷ 'ಬಳಿ, ಬಳಿ' ಅಂದ್ರು. ಏನು ಕಂಡಿ ಅಂತ ಯಾರೂ ಕೇಳಿದ್ದಿಲ್ಲ."

ಆ 'ಯಾರೂ' ಎಂಬುದರಲ್ಲಿ ನಾನೂ ಇದ್ದೆ.

ಅವ್ವ ಎದ್ದು ಕೈ ತೊಳೆದುಕೊಂಡಳು. ಸೆರಗು ಸರಿಮಾಡಿಕೊಂಡು ಮಗಳ ಎದುರು ಬಂದು ಕುಳಿತಳು.

"ಸಂಜಿಗೆ ಮತ್ತ ಹನ್ನೆರಡು ಇಡೋಣಂತ, ಕಾವಲಿಗೆ ನಾ ಕುಂದ್ರತೀನಿ. ಈಗ ಬರಕೋ."